ಗಾಳಿಯಿಂದ ಗೊಬ್ಬರ

ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಲೆ ಶಾಟೆಲಿಯರ್ ತತ್ವದ ನಿಜವಾದ ಪರೀಕ್ಷೆ ನಡೆಯೋದು ಅಮೋನಿಯಾ ಪ್ಲಾಂಟಿನಲ್ಲಿ. ನೈಟ್ರೋಜನ್ ಗಾಳಿಯಿಂದ ಸಿಗುತ್ತೆ, ಹೈಡ್ರೋಜನ್ ನೈಸರ್ಗಿಕ ಅನಿಲ ಮತ್ತು ಹಬೆಯಿಂದ. ಇವೆರಡೂ ಸೇರುವಾಗ ಶಾಖ ಹೊರಬರುತ್ತೆ. ಹಾಗಾಗಿ ತಾಪಮಾನ ಕಡಿಮೆಯಿದ್ದಷ್ಟೂ ಅಮೋನಿಯಾ ಜಾಸ್ತಿ ಸಿಗಬೇಕು. ಆದರೆ ಆಗ ಕ್ರಿಯೆ ತೀರಾ ನಿಧಾನ. ಅದಕ್ಕೇ ಒಂದು ರಾಜಿ: ಕಬ್ಬಿಣದ ಕ್ಯಾಟಲಿಸ್ಟ್, ಸುಮಾರು 450 ಡಿಗ್ರಿ ಸೆಲ್ಸಿಯಸ್. ನಾಲ್ಕು ಅಣು ಸೇರಿ ಎರಡಾಗೋದರಿಂದ ವಾತಾವರಣದ ಸುಮಾರು 200 ಪಟ್ಟು ಒತ್ತಡ.

ಇಷ್ಟಾದರೂ ಒಂದು ಸುತ್ತಿಗೆ ಅಮೋನಿಯಾ ಆಗೋದು ಸುಮಾರು 15% ಮಾತ್ರ! ಅದನ್ನು ತಣಿಸಿ, ದ್ರವ ಮಾಡಿ ತೆಗೆದು, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸ್ತಾರೆ. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಶುರುವಾದ ಈ ವಿಧಾನದಿಂದಲೇ ಯೂರಿಯಾ, ಅದರಿಂದಲೇ ನಮ್ಮ ಮೆಸ್ಸಿನ ಅನ್ನ. ಆದರೆ ಹೈಡ್ರೋಜನ್ ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಹುಟ್ಟುತ್ತೆ. ನೀರನ್ನೇ ಒಡೆದು, ಅಗ್ಗವಾಗಿ ಹೈಡ್ರೋಜನ್ ತೆಗೆಯೋ ದಾರಿ ಹುಡುಕಬೇಕಾದವರು ನಾವೇ.