ಚಳಿಗೆ ಕಿಟಕಿ ಮುಚ್ಚೋ ಮುಂಚೆ

ಇವತ್ತು ಚಳಿಗಾಲದ ತಯಾರಿ ಬಗ್ಗೆ ಮಾತಾಡೋಣ. ಡಿಸೆಂಬರ್, ಜನವರಿಯಲ್ಲಿ ಬೀದರ್, ವಿಜಯಪುರದ ಕಡೆ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯೋದುಂಟು. ಆಗ ಕೆಲವರು ಕಿಟಕಿ, ಬಾಗಿಲು ಭದ್ರವಾಗಿ ಹಾಕಿ, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗ್ತಾರೆ. ಅಪಾಯ ಇರೋದು ಅಲ್ಲೇ.

ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿದರೂ ಇದೇ ಕಥೆ.

ನಾನು ಬಿ.ಕಾಂ. ಓದಿದವನು, ಖರ್ಚಿನ ಲೆಕ್ಕ ಹೇಳದೆ ಬಿಡಲ್ಲ. 1,000 ವ್ಯಾಟ್‌ನ ಕರೆಂಟ್ ಹೀಟರ್ ಸತತ 8 ಗಂಟೆ ಉರಿದರೆ 8 ಯೂನಿಟ್. ಮನೆಯಲ್ಲಿರೋ ಕೌದಿಗೆ ಬಿಲ್ಲೇ ಇಲ್ಲ. ಬಿಸಿಲಿಗೆ ಹಾಕಿ ತೆಗೀರಿ. ಒಂದು ಹೊದೀರಿ, ಇನ್ನೊಂದು ಕೆಳಗೆ ಹಾಸಿ.

ಕೆಂಡ ಅಂಗಳದಲ್ಲೇ ಇರಲಿ. ಗ್ಯಾಸ್ ಗೀಸರ್ ಇದ್ದರೆ ಬಚ್ಚಲ ಕಿಟಕಿ ತೆರೆದು ನೀರು ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ. ತಲೆನೋವು, ತಲೆಸುತ್ತು, ವಾಕರಿಕೆ ಬಂದ್ರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ. ಊರಲ್ಲಿರೋ ಅಜ್ಜ ಅಜ್ಜಿಗೂ ಇವತ್ತೇ ಹೇಳಿ.