ಗುರುಗ್ರಹವನ್ನು ಹಿಡಿಯುವ ಕ್ಯಾಮೆರಾ

ಗುರುಗ್ರಹವು ಭೂಮಿಗೆ ಅತಿ ಸಮೀಪ ಬಂದಾಗಲೂ ಅದರ ಬಿಂಬದ ಅಗಲ ಸುಮಾರು 50 ಕೋನಸೆಕೆಂಡು, ಎಂದರೆ ಚಂದ್ರಬಿಂಬದ ಅಗಲದ ಮೂವತ್ತೇಳನೆಯ ಒಂದು ಪಾಲು ಮಾತ್ರ. ಒಂದು ಡಿಗ್ರಿಯನ್ನು 3,600 ಸಮಭಾಗ ಮಾಡಿದರೆ ಅದರಲ್ಲೊಂದು ಭಾಗವೇ ಕೋನಸೆಕೆಂಡು. ಇಷ್ಟು ಕಿರಿದಾದ ಬಿಂಬದಲ್ಲಿ ಮೋಡದ ಪಟ್ಟೆಗಳನ್ನು ಬಿಡಿಸಿ ತೋರಿಸಲು ದೂರಕ್ಕಿಂತ ಹೆಚ್ಚಾಗಿ ಗಾಳಿಯೇ ಅಡ್ಡಿ. ಕಾದ ಹಂಚಿನ ಮೇಲಿನ ಗಾಳಿಯ ಆಚೆಗಿರುವ ಗೋಡೆ ನಡುಗಿದಂತೆ ಕಾಣುವ ಹಾಗೆ, ವಾಯುಮಂಡಲದ ಬಿಸಿ ಮತ್ತು ತಂಪು ಪದರಗಳು ಗ್ರಹದ ಬೆಳಕನ್ನು ಕ್ಷಣಕ್ಷಣಕ್ಕೂ ಬಾಗಿಸುತ್ತಿರುತ್ತವೆ. ಆದರೂ ಈ ನಡುಕದ ಮಧ್ಯೆ ಆಗೊಂದು ಈಗೊಂದು ನಿಶ್ಚಲ ಕ್ಷಣ ಸಿಗುತ್ತದೆ. ಅತ್ಯಲ್ಪ ಅವಧಿಯ ಚಿತ್ರವೊಂದು ಹೀಗೆ ಸ್ಪಷ್ಟವಾಗಿ ಮೂಡುವ ಸಂಭವ ಎಷ್ಟೆಂಬುದನ್ನು ಡೇವಿಡ್ ಫ್ರೈಡ್ 1978ರಲ್ಲಿ ಗಣಿತದಿಂದ ತೋರಿಸಿದರು. ಸಾವಿರಾರು ಚಿತ್ರಗಳನ್ನು ತೆಗೆದು ಅದೃಷ್ಟದ ಕೆಲವನ್ನು ಆರಿಸುವ ಇಂದಿನ ಹವ್ಯಾಸಿಗಳ ವಿಧಾನಕ್ಕೆ ಆಧಾರ ಇದೇ.

ಹಾಗಾಗಿ ಗ್ರಹದ ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ಎಣಿಸುವುದು ದುಡ್ಡು ದಂಡ. ದೂರದರ್ಶಕದ ನಾಭಿದೂರವನ್ನು ಅದರ ಬಾಯಿಯ ವ್ಯಾಸದಿಂದ ಭಾಗಿಸಿದರೆ ನಾಭಿ ಅನುಪಾತ ಬರುತ್ತದೆ. ಈ ಸಂಖ್ಯೆಯು ಮೈಕ್ರಾನ್‌ಗಳಲ್ಲಿ ಅಳೆದ ಪಿಕ್ಸೆಲ್ ಗಾತ್ರದ ಸುಮಾರು ಐದು ಪಟ್ಟು ಇರಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ. ಸೋನಿಯ ಐಎಂಎಕ್ಸ್ 462 ಸಂವೇದಕದ ಪಿಕ್ಸೆಲ್ 2.9 ಮೈಕ್ರಾನ್ ಆದ್ದರಿಂದ ಅದಕ್ಕೆ 14.5ರ ಆಸುಪಾಸಿನ ಅನುಪಾತ ಒಪ್ಪುತ್ತದೆ. 2,000 ಮಿ.ಮೀ. ನಾಭಿದೂರದ 200 ಮಿ.ಮೀ. ದೂರದರ್ಶಕಕ್ಕೆ ಒಂದೂವರೆ ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರವನ್ನು ಜೋಡಿಸಿದರೆ ಪ್ರತಿ ಪಿಕ್ಸೆಲ್ಲಿಗೆ 0.2 ಕೋನಸೆಕೆಂಡು ಸಿಕ್ಕಿ, ಗುರುಬಿಂಬ 250 ಪಿಕ್ಸೆಲ್ ಅಗಲಕ್ಕೆ ಬರುತ್ತದೆ. 640×480ರ ಕಿಟಕಿಯಷ್ಟೇ ಅದಕ್ಕೆ ಧಾರಾಳ, ಉಳಿದ ಸಂವೇದಕವೆಲ್ಲ ಕಪ್ಪು ಆಕಾಶವನ್ನು ನೋಡುತ್ತ ಕೂರುತ್ತದೆ.

ಮುಖ್ಯವಾದದ್ದು ವೇಗ ಮತ್ತು ಸಂವೇದಕದ ಕಡಿಮೆ ನಾಯ್ಸ್. ನಾಯ್ಸ್ ಎಂದರೆ ಬೆಳಕಿಗೆ ಸಂಬಂಧವಿಲ್ಲದೆ ಸಂವೇದಕದಲ್ಲೇ ಹುಟ್ಟುವ ಕಾಳುಕಾಳು ಏರುಪೇರು. ಸೆಕೆಂಡಿಗೆ 200 ಚಿತ್ರದಂತೆ ಎರಡು ನಿಮಿಷ ದಾಖಲಿಸಿದರೆ 24,000 ಚಿತ್ರಗಳು, ಏಳು ಗಿಗಾಬೈಟಿಗೂ ಹೆಚ್ಚು ದತ್ತಾಂಶ ಕೂಡುತ್ತದೆ. ಯುಎಸ್‌ಬಿ 3 ಸಂಪರ್ಕ ಮತ್ತು ಎಸ್‌ಎಸ್‌ಡಿ ಇಲ್ಲದ ಲ್ಯಾಪ್‌ಟಾಪಿನಲ್ಲಿ ಎಂಥ ಕ್ಯಾಮೆರಾ ಇಟ್ಟರೂ ಚಿತ್ರಗಳು ದಾರಿಯಲ್ಲೇ ಸೋರಿಹೋಗುತ್ತವೆ. ಎರಡೇ ನಿಮಿಷವೆಂಬ ಮಿತಿ ಗುರುವಿನದೇ: ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಆ ಗ್ರಹದ ನಡುವಿನ ಗುರುತೊಂದು ಅಷ್ಟರಲ್ಲಿ ಅರ್ಧ ಕೋನಸೆಕೆಂಡು ಸರಿದಿರುತ್ತದೆ, 200 ಮಿ.ಮೀ. ದೂರದರ್ಶಕ ಬಿಡಿಸಬಲ್ಲ ಅತಿ ಸೂಕ್ಷ್ಮ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಆರಂಭಿಕರಿಗೆ ಬಣ್ಣದ ಕ್ಯಾಮೆರಾ ಸಾಕು. ಬಾನಂಚಿನ ಬಳಿ ವಾಯುಮಂಡಲವು ಬೆಳಕನ್ನು ಬಣ್ಣಬಣ್ಣವಾಗಿ ಚದುರಿಸುವುದನ್ನು ಸರಿಪಡಿಸುವ ಅಶ್ರಗಗಳ ಸಾಧನವು ಲಂಡನ್ನಿನಂಥ ಊರಿನಲ್ಲಿ ಅನಿವಾರ್ಯವಾದರೂ, ಗ್ರಹಗಳು ನೆತ್ತಿಯ ಸಮೀಪ ಹಾದುಹೋಗುವ ಕರ್ನಾಟಕದಲ್ಲಿ ಆ ಖರ್ಚನ್ನು ಮುಂದೂಡಬಹುದು.

ದಾಖಲಿಸಲು ಫೈರ್‌ಕ್ಯಾಪ್ಚರ್ ಅಥವಾ ಶಾರ್ಪ್‌ಕ್ಯಾಪ್ ತಂತ್ರಾಂಶ ಸಾಕಾಗುತ್ತದೆ. ನಿಜವಾದ ಚಿತ್ರ ಹುಟ್ಟುವುದು ಎಮಿಲ್ ಕ್ರೈಕಾಂಪ್ ರಚಿಸಿದ ಆಟೋಸ್ಟ್ಯಾಕರ್ಟ್‌ನಲ್ಲಿ. ಇದು ಪ್ರತಿ ಚಿತ್ರದ ಸ್ಪಷ್ಟತೆಯನ್ನು ಅಳೆದು ಸಾಲಾಗಿ ಜೋಡಿಸಿ, ಆಯ್ದವುಗಳನ್ನು ತುಂಡುತುಂಡಾಗಿ ಸರಿಹೊಂದಿಸಿ ಒಂದರ ಮೇಲೊಂದು ಪೇರಿಸುತ್ತದೆ. ಕಾಲು ಭಾಗವನ್ನು, ಎಂದರೆ 6,000 ಚಿತ್ರಗಳನ್ನು ಉಳಿಸಿಕೊಂಡರೆ ನಾಯ್ಸ್ ಅದರ ವರ್ಗಮೂಲದಷ್ಟು, ಸುಮಾರು 77 ಪಟ್ಟು ತಗ್ಗುತ್ತದೆ. ಪೇರಿಸಿದ ಚಿತ್ರ ಮೊದಲ ನೋಟಕ್ಕೆ ಮಬ್ಬಾಗಿದ್ದು ನಿರಾಸೆ ಹುಟ್ಟಿಸುತ್ತದೆ, ಆದರೆ ಅದರೊಳಗಿನ ವಿವರವನ್ನು ಕೋರ್ ಬೆರೆವೂಟ್ಸ್ ಅವರ ರೆಜಿಸ್ಟ್ಯಾಕ್ಸ್ ತಂತ್ರಾಂಶವು ಸೂಕ್ಷ್ಮ ಮತ್ತು ಸ್ಥೂಲ ಪದರಗಳಾಗಿ ಬೇರ್ಪಡಿಸಿ ಹರಿತಗೊಳಿಸುತ್ತದೆ. ಬಹುಪಾಲು ಹವ್ಯಾಸಿ ಚಿತ್ರಗಳು ಕೆಡುವುದೂ ಇಲ್ಲಿಯೇ: ಹರಿತಗೊಳಿಸುವ ಗುಂಡಿಯನ್ನು ಒಂದಿಷ್ಟು ಹೆಚ್ಚು ಎಳೆದರೆ ಗ್ರಹದ ಅಂಚಿನಲ್ಲಿ ಇಲ್ಲದ ಬಳೆಯೊಂದು ಮೂಡಿ, ಅದನ್ನೇ ವಿವರವೆಂದು ನಂಬುವ ಮೋಸ ಆಗುತ್ತದೆ.

ಪೇರಿಸುವಿಕೆಗೆ ಒಂದು ಕುರುಡುತನವೂ ಇದೆ. 2010ರ ಜೂನ್ 3ರಂದು ಗುರುವಿಗೆ ಕಾಯವೊಂದು ಅಪ್ಪಳಿಸಿದಾಗ ಎದ್ದ ಮಿಂಚನ್ನು ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ಮತ್ತು ಫಿಲಿಪ್ಪೀನ್ಸಿನ ಕ್ರಿಸ್ಟೋಫರ್ ಗೋ ಎಂಬ ಇಬ್ಬರು ಹವ್ಯಾಸಿಗಳು ದಾಖಲಿಸಿದ್ದರು. ಅದು ಬಾಳಿದ್ದು ಸುಮಾರು ಎರಡು ಸೆಕೆಂಡು ಮಾತ್ರ. ಸಾವಿರಾರು ಚಿತ್ರಗಳ ಸರಾಸರಿಯಲ್ಲಿ ಅಂಥ ಮಿಂಚು ಸುಲಭವಾಗಿ ಕರಗಿಹೋಗುತ್ತದೆ. ಆದ್ದರಿಂದ ಡಿಸ್ಕ್ ತುಂಬಿತೆಂದು ಹಳೆಯ ವಿಡಿಯೋಗಳನ್ನು ಅಳಿಸುವ ಮುನ್ನ, ಇಂಥ ಮಿಂಚುಗಳನ್ನು ಹುಡುಕಲೆಂದೇ ಮಾರ್ಕ್ ಡೆಲ್‌ಕ್ರೋವಾ ನಡೆಸುವ ಯೋಜನೆಯ ಡಿಟೆಕ್ಟ್ ತಂತ್ರಾಂಶದಲ್ಲಿ ಅವನ್ನೊಮ್ಮೆ ಹಾಯಿಸಿ ನೋಡುವುದು ಒಳ್ಳೆಯದು.