ಅಡುಗೆಮನೆಯಲ್ಲಿ ಗಿಮ್ಲೆಟ್

ಗಾಬರಿಯಾಗಬೇಡಿ ಮಕ್ಕಳೇ, ಬರೆಯುತ್ತಿರುವುದು ಸಂಕ್ರಾಂತಿಗೆ ಎಳ್ಳು ಬೀರುವ ಅದೇ ಆಂಟಿ! ಇಪ್ಪತ್ತೇಳರ ಮಗ ಮನೆಗೆ ಜಿನ್ ಬಾಟಲಿ ತಂದಾಗ ಎರಡು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ಅವನು ನಿಂಬೆಹಣ್ಣು ಹಿಂಡುವ ಚೆಂದ ನೋಡಲಾರದೆ ಬಾಯಿಬಿಟ್ಟೆ: 'ಸಿಪ್ಪೆ ಹಿಸುಕಬೇಡವೋ, ಕಹಿಯಾಗುತ್ತೆ.'

ಗಿಮ್ಲೆಟ್ ಎಂದರೆ ಜಿನ್ ಬೆರೆತ ನಿಂಬೆ ಶರಬತ್ತು, ಅಷ್ಟೇ. ಬ್ರಿಟಿಷ್ ನಾವಿಕರಿಗೆ ಸ್ಕರ್ವಿ ರೋಗ ತಗಲದಿರಲೆಂದು ನಿಂಬೆಜಾತಿಯ ಹಣ್ಣಿನ ರಸ ಕೊಡುತ್ತಿದ್ದರು. ಮದ್ಯ ಸೇರಿಸದೆ ಆ ರಸ ಕೆಡದಂತಿಡುವ ವಿಧಾನಕ್ಕೆ 1867ರಲ್ಲಿ ಲಾಕ್ಲನ್ ರೋಸ್ ಪೇಟೆಂಟ್ ಪಡೆದ. ಜನ ಅದಕ್ಕೇ ಜಿನ್ ಸುರಿದರು, ನೋಡಿ!

ನಮ್ಮ ಮನೆಯ ಲೆಕ್ಕ: ಜಿನ್ 60 ಮಿಲಿ, ನಿಂಬೆರಸ 20, ಸಕ್ಕರೆ ಪಾಕ 20. ಪಾಕಕ್ಕೆ ಎಳೆ ಬರಬೇಕಿಲ್ಲ. ಸಮಸಮ ಸಕ್ಕರೆ, ನೀರು ಕರಗಿದರಾಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಐಸ್ ಹಾಕಿ, ಹದಿನೈದು ಸೆಕೆಂಡು ಕುಲುಕಿ ಸೋಸಬೇಕು.

ಅಪಾಯವಿರುವುದು ಆ ಹುಳಿಸಿಹಿಯಲ್ಲೇ. ಜಿನ್ನಿನ ಘಾಟು ನಾಲಿಗೆಗೆ ತಿಳಿಯುವುದಿಲ್ಲ, 60 ಮಿಲಿ ಎಂದರೆ ದೊಡ್ಡ ಪೆಗ್ ಎಂಬುದೂ ಮರೆತುಹೋಗುತ್ತದೆ. ಕಣ್ಣಂದಾಜು ಸಾರಿಗೆ ಸರಿ, ಇದಕ್ಕಲ್ಲ. ಅಳತೆಯ ಲೋಟ ನಾನೇ ತಂದುಕೊಟ್ಟೆ. ಮಹಾರಾಷ್ಟ್ರದಲ್ಲಿ 25 ತುಂಬದವರಿಗೆ ಕಾನೂನೂ ಒಪ್ಪುವುದಿಲ್ಲ; ಅಂಥವರಿಗೆ ನನ್ನಲ್ಲಿ ಬರೀ ಶರಬತ್ತು.

ಆ ರಾತ್ರಿ ಸ್ನೇಹಿತರ ಮೂರು ಬೈಕಿನ ಕೀಲಿಗಳು ನನ್ನ ಸಾಸಿವೆ ಡಬ್ಬಿಯಲ್ಲಿದ್ದವು. ಬೆಳಿಗ್ಗೆ ಉಪ್ಪಿಟ್ಟು ತಿಂದ ಮೇಲೆಯೇ ಕೊಟ್ಟದ್ದು.